ಡೋರ್ ಚೆಕರ್: ಗ್ರೀಸ್, ಡೂಪ್ಲಿಕೇಟ್, ಗುಜರಿ, ಒರಿಜಿನಲ್ – ನಾಲ್ಕನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕಾರಿನ ಬಾಗಿಲು ತೆರೆದಲ್ಲಿ ನಿಲ್ಲುತ್ತಿಲ್ಲ ಅಂತಾದರೆ, ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂತಾದರೆ, ಕಂಪನಿಯ ಒರಿಜಿನಲ್ ಡೋರ್ ಚೆಕರನ್ನೇ ಹಾಕಿಸಿ. ನಾನು ದುಡ್ಡು ಉಳಿಸಲು ಬೇರೆ ದಾರಿಯೆಲ್ಲ ನೋಡಿದೆ. ಒಂದು ಮಳೆಗಾಲ ಪೂರ್ತಿ ಒದ್ದೆ ಕಾರಿನಲ್ಲಿ ಓಡಾಡಿದೆ. ಕೊನೆಗೆ ಒರಿಜಿನಲ್‌ಗೇ ಬಂದೆ.

ಚೆಕರ್ ಯಾವುದು ಅಂತ ಗೊತ್ತಿಲ್ಲದವರು ಮುಂದಿನ ಬಾಗಿಲು ತೆರೆದು ನೋಡಿ. ಎರಡು ಹಿಂಜ್‌ಗಳ ನಡುವೆ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಅದೇ. ಪಟ್ಟಿಯ ಒಂದು ತುದಿಯನ್ನು ಕಾರಿನ ಬಾಡಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಇನ್ನೊಂದು ತುದಿ ಬಾಗಿಲಿನೊಳಗಿನ ಸಣ್ಣ ಡಬ್ಬಿಯಲ್ಲಿ ಜಾರುತ್ತಾ ಹೋಗಿ ಬರುತ್ತದೆ. ಪಟ್ಟಿಯ ಮೇಲೆ ಉಬ್ಬು ತಗ್ಗು ಇರುತ್ತದೆ. ಡಬ್ಬಿಯೊಳಗಿನ ರೋಲರನ್ನು ಸ್ಪ್ರಿಂಗ್ ಆ ಪಟ್ಟಿಗೆ ಒತ್ತಿ ಹಿಡಿಯುತ್ತದೆ. ರೋಲರ್ ತಗ್ಗಿಗೆ ಕೂತಾಗ 'ಟಕ್' ಅಂತ ಬಾಗಿಲು ನಿಲ್ಲುತ್ತದೆ. ನಮ್ಮ ಕಾರಿನಲ್ಲಿ ಅರ್ಧಕ್ಕೆ ಒಂದು ನಿಲುಗಡೆ, ಪೂರ್ತಿ ತೆರೆದಾಗ ಇನ್ನೊಂದು. ಪಟ್ಟಿಯ ಕೊನೆಯಲ್ಲಿ ರಬ್ಬರ್ ಇದೆ. ಬಾಗಿಲು ಅದಕ್ಕಿಂತ ಮುಂದೆ ಹೋಗದ ಹಾಗೆ ತಡೆಯುವುದು ಅದೇ. ಈ ತಡೆ ಇಲ್ಲದಿದ್ದರೆ ಬಾಗಿಲಿನ ಮುಂದಿನ ಅಂಚು ಮಡ್‌ಗಾರ್ಡಿಗೆ ಒತ್ತುತ್ತದೆ, ಹಿಂಜ್ ಕೂಡ ಬಗ್ಗುತ್ತದೆ. ಆಮೇಲೆ ಟಿಂಕರಿಂಗ್ ಖರ್ಚು ಬೇರೆ. ಅಂಗಡಿಯಲ್ಲಿ ಡೋರ್ ಸ್ಟಾಪರ್ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ.

ನಮ್ಮದು 2013ರ ಸಣ್ಣ ಕಾರು. ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಅಮ್ಮನಿಗೆ 74. ಮಂಡಿ ನೋವಿಗೆ ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಅವರು ಕೂರುವುದು ಮುಂದೆ, ಎಡಗಡೆ. ಇಳಿಯುವಾಗ ಮೊದಲು ಎರಡೂ ಕಾಲು ಹೊರಗಿಡುತ್ತಾರೆ. ಆಮೇಲೆ ಬಲಗೈಯಲ್ಲಿ ಬಾಗಿಲಿನ ಅಂಚು ಹಿಡಿದು ಏಳುತ್ತಾರೆ. ಮಣಿಪಾಲದ ಏರಿನಲ್ಲಿ ಕಾರಿನ ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿದರೆ ಬಾಗಿಲು ತನ್ನ ಭಾರಕ್ಕೇ ಮುಚ್ಚಲು ನೋಡುತ್ತದೆ. ಅದನ್ನು ತಡೆಯುವುದು ಈ ಚೆಕರ್ ಒಂದೇ. 2023ರ ಮಾರ್ಚ್‌ನಲ್ಲಿ ಅದು ತಡೆಯಲಿಲ್ಲ. ಬಾಗಿಲು ಬಂದು ಅಮ್ಮನ ಮೊಣಕಾಲಿನ ಕೆಳಗೆ ಎಲುಬಿಗೇ ಹೊಡೆಯಿತು. ಚರ್ಮ ಕಿತ್ತು ರಕ್ತ ಬಂತು. ಅವತ್ತು ಅವರು ಏನೂ ಹೇಳಲಿಲ್ಲ. ಮುಂದಿನ ತಿಂಗಳು ಮಾತ್ರ, "ರಿಕ್ಷಾದಲ್ಲೇ ಹೋಗುವ ಮಗಾ" ಅಂದರು. ನನಗೆ ಅದು ತುಂಬಾ ಬೇಜಾರಾಯಿತು.

ಮೊದಲು ನೋಡಿದ್ದು ಗ್ರೀಸ್. ಅದಕ್ಕೂ ಮುಂಚೆ ಅಮ್ಮ ತೆಂಗಿನೆಣ್ಣೆ ಬಿಟ್ಟಿದ್ದರು. ಎರಡು ದಿನ ಕಿರ್ ಶಬ್ದ ಇರಲಿಲ್ಲ, ಆಮೇಲೆ ಧೂಳು ಹಿಡಿದು ಕಪ್ಪಗೆ ಅಂಟಾಯಿತು. ತುಕ್ಕು ಬಿಡಿಸುವ ಸ್ಪ್ರೇಯನ್ನು ಇದಕ್ಕೆ ಹೊಡೆಯಲೇಬೇಡಿ. ಒಳಗೆ ಉಳಿದಿರುವ ಗ್ರೀಸೂ ತೊಳೆದು ಹೋಗುತ್ತದೆ. ಲೀಥಿಯಂ ಗ್ರೀಸ್ ಸರಿಯಾದದ್ದು. ಬಟ್ಟೆಯಿಂದ ಪಟ್ಟಿ ಒರೆಸಿ, ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿದರೆ ಆಯಿತು. ಶಬ್ದ ಹೋಗುತ್ತದೆ. ಆದರೆ ಹಿಡಿತ ಬರುವುದಿಲ್ಲ. ರೋಲರ್ ಸವೆದು ಸ್ಪ್ರಿಂಗ್ ಸಡಿಲ ಆಗಿದ್ದರೆ ಗ್ರೀಸ್ ಏನು ಮಾಡೀತು?

ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. "ಅಕ್ಕಾ, ಚೆಕರ್ ಹೋಗಿದೆ. ಡೂಪ್ಲಿಕೇಟ್ ಇಲ್ಲೇ ಉಂಟು, ಈಗಲೇ ಹಾಕಿ ಕೊಡ್ತೇನೆ. ಒರಿಜಿನಲ್ ಬೇಕಾದ್ರೆ ಆರ್ಡರ್ ಹಾಕ್ಬೇಕು, ನಾಲ್ಕು ದಿನ ಆಗ್ತದೆ" ಅಂದರು. ಡೂಪ್ಲಿಕೇಟಿಗೆ 250, ಒರಿಜಿನಲ್‌ಗೆ 680. ಕೂಲಿ ಎರಡಕ್ಕೂ 300. ನಾನು 250ರದ್ದೇ ಹಾಕಿ ಅಂದೆ. ಅಷ್ಟು ಸಣ್ಣ ಕಬ್ಬಿಣದ ಪಟ್ಟಿಗೆ 680 ಯಾಕೆ ಅಂತ ಅನಿಸಿತ್ತು.

ಅದೇ ವಾರ ಬಲಗಡೆ, ನನ್ನ ಬಾಗಿಲಿಗೆ ಗುಜರಿಯಿಂದ ಒಂದು ತಂದು ಹಾಕಿಸಿದೆ. ಅಲ್ಲಿದ್ದ ಹಳೆಯದೂ ಸಡಿಲ ಆಗಿತ್ತು. ನಮ್ಮ ಕಾರಿನಲ್ಲಿ ಮುಂದಿನ ಎಡ ಬಲ ಎರಡಕ್ಕೂ ಒಂದೇ ಚೆಕರ್ ಆಗುತ್ತದೆ. ಎಲ್ಲ ಕಾರಿಗೂ ಹಾಗಲ್ಲ, ಕೇಳಿ ತೆಗೆದುಕೊಳ್ಳಿ. ಗುಜರಿಯವರು ಮೊದಲು ಡ್ರೈವರ್ ಬಾಗಿಲಿನದ್ದೇ ಕೊಟ್ಟರು. ನಾನು ಬೇಡ ಅಂದೆ. ಸಾಮಾನ್ಯವಾಗಿ ಜಾಸ್ತಿ ತೆರೆದು ಮುಚ್ಚುವುದು ಡ್ರೈವರ್ ಬಾಗಿಲು, ಜಾಸ್ತಿ ಸವೆಯುವುದೂ ಅದರದ್ದೇ. ಎಡಗಡೆಯದ್ದು ಕೊಡಿ ಅಂದೆ. ಕೈಯಲ್ಲಿ ಹಿಡಿದು ಪಟ್ಟಿ ಎಳೆದು ನೋಡಿದೆ. ರೋಲರ್ ತಗ್ಗಿಗೆ ಬೀಳುವಾಗ ಹೆಬ್ಬೆರಳಿಗೆ ಗೊತ್ತಾಗಬೇಕು, ಗೊತ್ತಾಯಿತು. 150 ಕೊಟ್ಟು ತಂದೆ. ಹಾಕಿದವರು ಬೇರೆ ಮೆಕ್ಯಾನಿಕ್. ಅವರು ಬಾಗಿಲಿನ ಒಳಮುಖಕ್ಕೆ ಹಾಕಿರುವ ಡೋರ್ ಪ್ಯಾಡ್ ತೆಗೆದು, ಸ್ಪೀಕರ್ ಬಿಚ್ಚಿ, ಆ ತೂತಿನೊಳಗೇ ಕೈ ಹಾಕಿ ಚೆಕರ್ ಹೊರಗೆ ತೆಗೆದರು. ಒಳಗಿನ ಪ್ಲಾಸ್ಟಿಕ್ ಶೀಟನ್ನು ಮುಟ್ಟಲೇ ಇಲ್ಲ. ಅವತ್ತು ಅದು ದೊಡ್ಡ ವಿಷಯ ಅಂತ ನನಗೆ ಗೊತ್ತಾಗಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಹೇಳಬೇಕಾಗಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಬೀಳುವ ಊರು. ಎರಡನೇ ವಾರ ಅಮ್ಮ ಕಾರಿಂದ ಇಳಿದವರು ಚಪ್ಪಲಿ ನೋಡಿ, "ಎಂತ, ಕಾಲಡಿ ನೀರುಂಟಲ್ಲ" ಅಂದರು. ನಾನು ಕೊಡೆಯ ನೀರು ಅಂದುಕೊಂಡೆ. ಮರುದಿನ ಮ್ಯಾಟ್ ಎತ್ತಿ ನೋಡಿದರೆ ಕೆಳಗಿನ ಕಾರ್ಪೆಟ್ ಒತ್ತಿದಲ್ಲೆಲ್ಲ ನೀರು ಬಿಡುತ್ತಿತ್ತು.

ಗ್ಯಾರೇಜಿನಲ್ಲಿ ಕೇಳಿದಾಗ ಎಸಿ ಆಗಿರಬೇಕು ಅಂತ ಹೇಳಿದರು. ಎಸಿಯ ನೀರು ಹೋಗುವ ಪೈಪ್ ಕಟ್ಟಿದರೆ ಎಡಗಡೆ ಕಾಲಿನ ಹತ್ತಿರವೇ ಸೋರುವುದು ನಿಜ. ಅದನ್ನು ಕ್ಲೀನ್ ಮಾಡಿಸಿದೆ. ನೀರು ನಿಲ್ಲಲಿಲ್ಲ. ಮುಂದಿನ ಗಾಜಿನ ರಬ್ಬರ್ ಅಂದರು. ಅದಕ್ಕೂ ಸೀಲೆಂಟ್ ಹಾಕಿದರು. ನಿಲ್ಲಲಿಲ್ಲ. ರಾತ್ರಿ ಹಳೆಯ ಪೇಪರ್ ಹಾಸುವುದು, ಬೆಳಿಗ್ಗೆ ಮುದ್ದೆ ತೆಗೆಯುವುದು. ಜುಲೈ ಹೊತ್ತಿಗೆ ಸೀಟಿನ ಕೆಳಗೆ ಬಿಳಿ ಬೂಷ್ಟು ಬಂತು. ಬಾಗಿಲು ತೆರೆದರೆ ಒದ್ದೆ ಗೋಣಿಯ ವಾಸನೆ. ಅಮ್ಮನಿಗೆ ಕೆಮ್ಮು ಶುರುವಾಯಿತು.

ಕೊನೆಗೆ ಬಲಗಡೆ ಕೆಲಸ ಮಾಡಿದ ಮೆಕ್ಯಾನಿಕ್ ಹತ್ತಿರವೇ ಹೋದೆ. ಅವರು ಎಡಗಡೆಯ ಪ್ಯಾಡ್ ತೆಗೆದು, ನನ್ನ ಕೈಗೆ ಮಗ್ ಕೊಟ್ಟು, "ಗ್ಲಾಸಿನ ಮೇಲೆ ಮೆಲ್ಲ ನೀರು ಬಿಡಿ ಅಕ್ಕ" ಅಂದರು. ಬಿಟ್ಟೆ. ನೀರು ಗಾಜಿನ ಅಂಚಿನ ರಬ್ಬರ್ ದಾಟಿ ಬಾಗಿಲಿನೊಳಗೆ ಇಳಿಯಿತು. ಅದು ಸಹಜ ಅಂತೆ, ಎಲ್ಲ ಕಾರಿನಲ್ಲೂ ಹಾಗೇ. ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ಹೊರಗೆ ಹೋಗಬೇಕು. ಒಳಗಿನ ನೀರು ಸೀಟಿನ ಕಡೆ ಬಾರದ ಹಾಗೆ ತಡೆಯಲು ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಅಂಟು ಡಾಂಬರಿನ ಹಾಗೆ ಕಪ್ಪಗೆ, ಮೆತ್ತಗೆ ಇರುತ್ತದೆ. ಚೆಕರ್ ಹಾಕುವಾಗ ಮೊದಲ ಗ್ಯಾರೇಜಿನಲ್ಲಿ ಈ ಶೀಟನ್ನು ಎಳೆದು ಹರಿದಿದ್ದರು. ತಿರುಗಿ ಅಂಟಿಸಿದ್ದು ಸೆಲ್ಲೋಟೇಪಿನಲ್ಲಿ! ಮೊದಲ ಮಳೆಗೇ ಟೇಪ್ ಬಿಟ್ಟಿದೆ. ಶೀಟಿನ ಕೆಳಗಿನ ಅಂಚು ಈಚೆಗೆ ಜೋತು ಬಿದ್ದಿತ್ತು. ನೀರು ಅದರ ಮೇಲೆ ಜಾರಿ ನೇರ ಕಾರ್ಪೆಟಿಗೆ ಇಳಿಯುತ್ತಿತ್ತು. ನಾನು ಮಗ್ ಹಿಡಿದು ನಿಂತು ಅದನ್ನು ಕಣ್ಣಾರೆ ನೋಡಿದೆ.

ಹೊಸ ಬ್ಯೂಟೈಲ್ ಟೇಪ್, ಅಂದರೆ ಅದೇ ಥರದ ಮೆತ್ತಗಿನ ಅಂಟಿನ ಪಟ್ಟಿ, ಸುತ್ತ ಕೂರಿಸಿ, ಹರಿದಲ್ಲಿ ತೇಪೆ ಹಾಕಿ, ಕೆಳಗಿನ ಅಂಚನ್ನು ಬಾಗಿಲಿನ ಒಳಕ್ಕೆ ತಳ್ಳಿ ಅಂಟಿಸಿದರು. ತಳದ ತೂತುಗಳಲ್ಲಿ ಕೆಂಪು ಮಣ್ಣು, ಎಲೆ ಚೂರು ತುಂಬಿತ್ತು. ಹಿಡಿಕಡ್ಡಿಯಲ್ಲಿ ತಿವಿದು ತೆಗೆದೆವು. ಪ್ಯಾಡಿನ ಮೂರು ಕ್ಲಿಪ್ ಮುರಿದಿದ್ದವು, ಅದನ್ನೂ ಹಾಕಿದರು. ಎಸಿ, ಸೀಲೆಂಟ್, ಕ್ಲಿಪ್, ಟೇಪ್, ಕಾರ್ಪೆಟ್ ಒಣಗಿಸಿದ್ದು ಎಲ್ಲ ಸೇರಿ 2,900 ರೂಪಾಯಿ. 430 ಉಳಿಸಲು ಹೋಗಿ ಇಷ್ಟಾಯಿತು. ಶೀಟ್ ಹರಿದದ್ದು ಡೂಪ್ಲಿಕೇಟ್ ಚೆಕರಿನ ತಪ್ಪಲ್ಲ, ಒಪ್ಪುತ್ತೇನೆ. ಒರಿಜಿನಲ್ ಹಾಕಿದ್ದರೂ ಅಲ್ಲಿ ಹಾಗೇ ಆಗುತ್ತಿತ್ತೇನೋ. ಆದರೆ ಡೂಪ್ಲಿಕೇಟ್ ಹಾಕಿದರೆ ಅದೇ ಬಾಗಿಲನ್ನು ಮತ್ತೆ ಬಿಚ್ಚಬೇಕಾಗುತ್ತದೆ. ನನಗೆ ಬಿಚ್ಚಬೇಕಾಯಿತು.

ಯಾಕೆ ಅಂದರೆ ಡೂಪ್ಲಿಕೇಟ್ ಮೊದಲಿಗೆ ವಿಪರೀತ ಬಿಗಿ ಇತ್ತು. ಅಮ್ಮನಿಗೆ ಒಳಗಿಂದ ತಳ್ಳಲೇ ಆಗುತ್ತಿರಲಿಲ್ಲ. ನಾನು ಇಳಿದು ಸುತ್ತಿ ಬಂದು ತೆರೆಯಬೇಕಿತ್ತು. ಅರ್ಧದ ನಿಲುಗಡೆಯೂ ಹಳೆಯದಕ್ಕಿಂತ ಸ್ವಲ್ಪ ಆಚೆ ಇತ್ತು. ನಮ್ಮ ಶೆಡ್ಡಿನ ಎಡಕ್ಕೆ ಕೆಂಪು ಕಲ್ಲಿನ ಗೋಡೆ, ಗಾರೆ ಮಾಡಿಲ್ಲ. ಹಳೆಯ ಚೆಕರಿನಲ್ಲಿ ಬಾಗಿಲು ಗೋಡೆಗೆ ನಾಲ್ಕು ಬೆರಳು ಈಚೆ ನಿಲ್ಲುತ್ತಿತ್ತು. ಹೊಸದರಲ್ಲಿ ತಾಗುತ್ತಿತ್ತು. ಅಂಚಿನ ಪೇಂಟ್ ಹೋಗಿ, ಅಲ್ಲೇ ತುಕ್ಕು ಶುರುವಾಯಿತು. ಅಕ್ಟೋಬರ್ ಹೊತ್ತಿಗೆ ಬಿಗಿಯೆಲ್ಲ ಹೋಗಿ ಮೊದಲಿನ ಹಾಗೇ ಸಡಿಲ. ಆರು ತಿಂಗಳು ಅಷ್ಟೆ.

ಒರಿಜಿನಲ್ ಹಾಕಿಸುವ ದಿನ ಎರಡನ್ನೂ ಮೆಕ್ಯಾನಿಕ್‌ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಡೂಪ್ಲಿಕೇಟಿನ ಪಟ್ಟಿ ತೆಳು. ಅದರ ಡಬ್ಬಿಯಲ್ಲಿ ರೋಲರ್ ಇಲ್ಲ, ಬರೀ ಪ್ಲಾಸ್ಟಿಕ್ ತುಂಡು. ಅದು ಉಜ್ಜಿ ಉಜ್ಜಿ ಸಾಬೂನಿನ ಚೂರಿನ ಹಾಗೆ ಸವೆದಿತ್ತು. ಡಬ್ಬಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಪುಡಿ ಗ್ರೀಸಿಗೆ ಅಂಟಿಕೊಂಡಿತ್ತು. ಕೊನೆಯ ರಬ್ಬರ್ ಉಗುರಲ್ಲಿ ಒತ್ತಿದರೆ ಬಿರುಕು. ಒಂದೇ ಮಳೆಗಾಲಕ್ಕೆ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಒರಿಜಿನಲ್ ಕೈಗೆ ಭಾರ. ರೋಲರ್ ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುತ್ತಿತ್ತು.

ಒರಿಜಿನಲ್ ತರಿಸುವುದು ಕಷ್ಟವೇನಲ್ಲ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಂಡು ಕಂಪನಿಯ ಸ್ಪೇರ್ ಕೌಂಟರಿಗೆ ಹೋದರೆ ಸಾಕು. ನನ್ನದು ಮಂಗಳೂರಿಂದ ಬಂತು, ಹೇಳಿದ ಹಾಗೆ ನಾಲ್ಕೇ ದಿನ. ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸ್ಪೀಕರ್ ತೂತಿನಿಂದಲೇ ಹಾಕಿ, ಶೀಟ್ ಮುಟ್ಟಬೇಡಿ ಅಂದೆ. ಬಾಡಿಯ ಕಡೆ ಒಂದು ಬೋಲ್ಟ್, ಬಾಗಿಲಿನ ಕಡೆ ಎರಡು. ಅರ್ಧ ಗಂಟೆಯ ಕೆಲಸ.

ಅದಾಗಿ ಒಂದೂವರೆ ವರ್ಷ ಆಯಿತು. ಮಣಿಪಾಲದ ಅದೇ ಏರಿನಲ್ಲಿ ಬಾಗಿಲು ಅರ್ಧಕ್ಕೆ ನಿಂತರೆ ನಿಂತದ್ದೇ. ಮಲ್ಪೆಯಲ್ಲಿ ಸಮುದ್ರದ ಗಾಳಿ ಬೀಸುವಾಗಲೂ ಕೈಯಿಂದ ಕಿತ್ತುಕೊಂಡು ಹೋಗುವುದಿಲ್ಲ. ಅಮ್ಮ ಒಂದೇ ಕೈಯಲ್ಲಿ ತಳ್ಳುತ್ತಾರೆ, 'ಟಕ್' ಶಬ್ದ ಬರುವವರೆಗೆ ಕಾಯುತ್ತಾರೆ, ಆಮೇಲೆ ಕಾಲು ಹೊರಗಿಡುತ್ತಾರೆ. ಆ ಶಬ್ದ ಅವರಿಗೆ ಅಭ್ಯಾಸ ಆಗಿದೆ. ರಿಕ್ಷಾದ ಮಾತು ಮತ್ತೆ ಬಂದಿಲ್ಲ.

ಕಾರ್ಕಳದ ನನ್ನ ಭಾವನ ಹಳೆಯ ಜೀಪಿನಲ್ಲಿ ಚೆಕರೇ ಇಲ್ಲ, ನೈಲಾನ್ ಬೆಲ್ಟ್. ಎರಡು ಸ್ಕ್ರೂ, ಹೋದರೆ ಹತ್ತು ನಿಮಿಷದಲ್ಲಿ ಹೊಸದು. "ನಿಮ್ಮ ಕಾರಿಗೂ ಇದನ್ನೇ ಹಾಕುವ, ಪ್ಯಾಡ್ ಬಿಚ್ಚುವ ಕೆಲಸವೇ ಇಲ್ಲ" ಅಂತ ಭಾವ ಹೇಳಿದ್ದರು. ಬೆಲ್ಟ್ ಬಾಗಿಲನ್ನು ಅತಿಯಾಗಿ ತೆರೆಯದ ಹಾಗೆ ತಡೆಯುತ್ತದೆ, ನಿಜ. ಆದರೆ ನಡುವೆ ಎಲ್ಲೂ ಹಿಡಿದು ನಿಲ್ಲಿಸುವುದಿಲ್ಲ. ಅಮ್ಮನ ಕಾಲಿಗೆ ಹೊಡೆದದ್ದು ತೆರೆಯುವ ಬಾಗಿಲಲ್ಲ, ಮುಚ್ಚುವ ಬಾಗಿಲು. ಹಾಗಾಗಿ ನಮಗೆ ಅದು ಆಗುವುದಿಲ್ಲ.

ಕೆಲವು ಕಾರುಗಳಲ್ಲಿ ಈ ನಿಲುಗಡೆ ಹಿಂಜ್‌ನಲ್ಲೇ ಸೇರಿರುತ್ತದೆ. ಅಂಥವರಿಗೆ ನಾನು ಹೇಳಿದ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಗುಜರಿಯದ್ದು. ಅದನ್ನು ನಾನು ಬೈಯುವುದಿಲ್ಲ. ಒಬ್ಬರೇ ಓಡಿಸುವವರು, ಮನೆಯಲ್ಲೂ ಕೆಲಸದಲ್ಲೂ ಸಮತಟ್ಟು ಜಾಗದಲ್ಲಿ ನಿಲ್ಲಿಸುವವರು, ಒಂದೆರಡು ವರ್ಷದಲ್ಲಿ ಕಾರು ಮಾರುವವರು ಅದನ್ನೇ ಹಾಕಿ. ಕೈಯಲ್ಲಿ ಎಳೆದು ನೋಡಿ ತನ್ನಿ ಅಷ್ಟೆ. ನನ್ನ ಬಾಗಿಲಿನಲ್ಲಿ ಅದು ಇವತ್ತಿಗೂ ಇದೆ. ನಾನು ಬಾಗಿಲು ಹಿಡಿದು ಏಳುವವಳಲ್ಲ, ಅದಕ್ಕೆ ಬಾಳಿಕೆ ಬಂದಿದೆ. ಡೂಪ್ಲಿಕೇಟನ್ನು ಮಾತ್ರ ಯಾರಿಗೂ ಹೇಳಲಾರೆ.

ಹೋದ ವಾರದಿಂದ ಬಲಗಡೆಯದ್ದು ಅರ್ಧಕ್ಕೆ ನಿಲ್ಲುವುದು ಸ್ವಲ್ಪ ಸಡಿಲ ಆಗಿದೆ. ಮಳೆಗೆ ಇನ್ನೂ ಎರಡು ತಿಂಗಳು ಇದೆ. ನಿನ್ನೆ ಒರಿಜಿನಲ್‌ಗೆ ಆರ್ಡರ್ ಹಾಕಿದೆ, ಜೊತೆಗೆ ಒಂದು ಸುರುಳಿ ಬ್ಯೂಟೈಲ್ ಟೇಪನ್ನೂ ತಂದಿಟ್ಟಿದ್ದೇನೆ.