22 ಎಂಎಂ ಹಲಗೆ, ಎರಡಡಿಗೊಂದು ಪೈಪು: ಡಬ್ಲ್ಯೂಪಿಸಿ ಡೆಕ್ಕಿನ ಜೊತೆ ಏಳು ವರ್ಷ

ಡಬ್ಲ್ಯೂಪಿಸಿ ಡೆಕ್ ಹಾಕಿಸಬೇಕು ಅಂತಿದ್ದೇವೆ, ಎಷ್ಟು ದಪ್ಪದ್ದು ತಗೊಳ್ಳೋದು ಅಂತ ಈ ವರ್ಷ ನಾಲ್ಕು ಜನ ನನ್ನನ್ನು ಕೇಳಿದ್ದಾರೆ. 2018ರಲ್ಲಿ ಅಂಗಡಿಯಲ್ಲಿ ನಿಂತು ನಾನು ಕೇಳಿದ್ದೂ ಅದೊಂದೇ ಪ್ರಶ್ನೆ. ಅದರ ಜೊತೆಗೇ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಹೊಳೆದದ್ದು ಎರಡು ವರ್ಷದ ಮೇಲೆ, ತಾರಸಿಯ ಕರಿಬೇವಿನ ಗಿಡ ಗೋಡೆಯ ಕಡೆ ವಾಲಿಕೊಂಡಾಗ.

ಗೊತ್ತಿಲ್ಲದವರಿಗೆ ಒಂದು ಮಾತು. ಡೆಕ್ ಅಂದರೆ ಪೈಪಿನ ಅಥವಾ ತೊಲೆಯ ಮೇಲೆ ಹಲಗೆ ಹಾಸಿದ ನೆಲ. ಡಬ್ಲ್ಯೂಪಿಸಿ ಅಂದರೆ ವುಡ್ ಪ್ಲಾಸ್ಟಿಕ್ ಕಾಂಪೋಸಿಟ್: ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ, ಬಿಸಿಯಾಗಿರುವಾಗಲೇ ಚಕ್ಕುಲಿ ಒರಳಿನಲ್ಲಿ ಒತ್ತಿದ ಹಾಗೆ ಅಚ್ಚಿನಿಂದ ಹೊರಕ್ಕೆ ಒತ್ತಿದ ಹಲಗೆ ಇದು. ಡೆಕ್ಕಿನ ಹಲಗೆಯಲ್ಲಿರುವ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಎಥಿಲೀನ್. ಅಡುಗೆಮನೆ ಕಪಾಟಿಗೆ ಹಾಕುವ ಹಗುರ ಡಬ್ಲ್ಯೂಪಿಸಿ ಶೀಟ್ ಹೆಚ್ಚಾಗಿ ಪಿವಿಸಿಯದು, ಅದೇ ಬೇರೆ ಜಾತಿ. ಹೆಸರು ಒಂದೇ ಅಂತ ಆ ಶೀಟನ್ನು ಬಿಸಿಲಿಗೆ ಹಾಸಿಸಬೇಡಿ.

ನಮ್ಮ ಬೆಂಗಳೂರಿನ ಮನೆಯ ತಾರಸಿಯಲ್ಲಿ ಡೆಕ್ ಆಗಿರುವ ಜಾಗ ಒಂಬತ್ತೂವರೆ ಅಡಿಗೆ ಹದಿಮೂರು ಅಡಿ. 140 ಎಂಎಂ ಅಗಲ, 22 ಎಂಎಂ ದಪ್ಪ, 2.9 ಮೀಟರ್ ಉದ್ದದ ಹಾಲೋ, ಅಂದರೆ ಒಳಗೆ ಟೊಳ್ಳಿರುವ ಹಲಗೆಗಳು, ಒಟ್ಟು 27. ಕೆಳಗೆ 50×25 ಎಂಎಂನ ಜಿಐ (ಸತು ಲೇಪಿಸಿದ ಕಬ್ಬಿಣದ) ಬಾಕ್ಸ್ ಪೈಪು, ಮಲಗಿಸಿ ಇಟ್ಟದ್ದು. ತಾರಸಿಗೆ ವಾಟರ್‌ಪ್ರೂಫಿಂಗ್ ಆಗಿತ್ತು, ಹಾಗಾಗಿ ಒಂದೂ ತೂತು ಕೊರೆಯಬಾರದು ಎಂದು ಮೊದಲೇ ಹೇಳಿದ್ದೆ. ರಬ್ಬರ್ ಪ್ಯಾಡುಗಳ ಮೇಲೆ ಪೈಪು ಕೂರಿಸಿದರು. ಆ ಕೆಲಸ ಇವತ್ತಿಗೂ ಚೊಕ್ಕವಾಗಿದೆ, ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಒಂದು ಹನಿ ತೇವ ಇಲ್ಲ. ಹಲಗೆಗೆ ಚದರಡಿಗೆ 210 ರೂಪಾಯಿ ಕೊಟ್ಟೆ. 25 ಎಂಎಂ ಹಲಗೆಗೆ 250 ಹೇಳಿದ್ದರು. ಬರೀ ಮೂರು ಎಂಎಂಗೆ ಐದು ಸಾವಿರ ಯಾಕೆ ಅಂತ ಬಿಟ್ಟೆ.

ಪೈಪು ಎಷ್ಟು ದೂರಕ್ಕೊಂದು ಎಂದು ನಾನು ಕೇಳಲಿಲ್ಲ. ವೆಲ್ಡಿಂಗ್ ಮಾಡುತ್ತಿದ್ದ ಹುಡುಗ ತಾನಾಗಿಯೇ ಹೇಳಿದ್ದ: "ಅಕ್ಕಾ, ಎರಡಡಿಗೊಂದು ಪೈಪ್ ಸಾಕು. ಈ ಹಲಗೆ ಏನೂ ಆಗಲ್ಲ, ಹತ್ತು ಜನ ಕುಣೀಬೋದು." ಒಂಬತ್ತೂವರೆ ಅಡಿಗೆ ಆರು ಪೈಪು ಬಂದವು. ಆಮೇಲೆ ಅಳೆದಾಗ ಪೈಪಿನ ನಡುವಿನಿಂದ ಪೈಪಿನ ನಡುವಿಗೆ 580 ಎಂಎಂ ಇತ್ತು.

ಮೊದಲ ವರ್ಷ ನಿಜಕ್ಕೂ ಏನೂ ಆಗಲಿಲ್ಲ. ಸಂಜೆ ಅಲ್ಲೇ ಚಾಪೆ ಹಾಸಿ ಊಟ ಮಾಡಿದ್ದೇವೆ, ಮಳೆ ನಿಂತು ಅರ್ಧ ಗಂಟೆಗೆ ಒಣಗುತ್ತಿದ್ದ ನೆಲದ ಮೇಲೆ ಮಕ್ಕಳು ಓಡಾಡಿದ್ದಾರೆ. ಬಣ್ಣ ಮಾತ್ರ ಆರು ತಿಂಗಳಲ್ಲಿ ಒಂದು ಹಂತ ಮಾಸಿತು, ಆಮೇಲೆ ಅಲ್ಲಿಗೇ ನಿಂತಿತು. 2020ರ ಬೇಸಗೆಯಲ್ಲಿ ಲಾಕ್‌ಡೌನ್ ಆಗಿ ದಿನಾ ತಾರಸಿಯಲ್ಲೇ ನಡೆಯತೊಡಗಿದಾಗ ಕಾಲಿಗೆ ವ್ಯತ್ಯಾಸ ಗೊತ್ತಾಯಿತು. ಪೈಪಿನ ಮೇಲೆ ಹೆಜ್ಜೆ ಬಿದ್ದರೆ ಗಟ್ಟಿ, ಎರಡು ಪೈಪಿನ ನಡುವೆ ಬಿದ್ದರೆ ಹಲಗೆ ಬಳುಕಿ ಮೇಲೆ ಬರುತ್ತಿತ್ತು. ಕಣ್ಣು ಮುಚ್ಚಿ ನಡೆದರೂ ಪೈಪು ಎಲ್ಲೆಲ್ಲಿದೆ ಎಂದು ಹೇಳಬಹುದಿತ್ತು. ಮೂಲೆಯಲ್ಲಿ ಇನ್ನೂರು ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ನೆಟ್ಟ ಕರಿಬೇವು ಇತ್ತು. ಒದ್ದೆ ಮಣ್ಣು ಸೇರಿ ನೂರು ಕೇಜಿಗೆ ಮೇಲೆಯೇ. ಅದರ ತಳ ಕೂತಿದ್ದು ಎರಡು ಪೈಪುಗಳ ನಟ್ಟನಡುವೆ.

ನೈಲಾನ್ ದಾರ ತಂದು ಹಲಗೆಯ ಉದ್ದಕ್ಕೆ, ಒಂದು ಪೈಪಿನ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಬಿಗಿಯಾಗಿ ಎಳೆದು ಹಿಡಿದೆವು. ದಾರದ ಅಡಿಗೆ ಮಗಳು ಸ್ಟೀಲ್ ಸ್ಕೇಲ್ ನಿಲ್ಲಿಸಿದಳು. ಬರೀ ಓಡಾಟದ ಜಾಗದಲ್ಲಿ ಹಲಗೆ ಮೂರು ಎಂಎಂ ತಗ್ಗಿತ್ತು. ಡ್ರಮ್ಮು ಸರಿಸಿ ಅಳೆದರೆ ಅಲ್ಲಿ ಒಂಬತ್ತು. ಭಾರ ತೆಗೆದು ಒಂದು ವಾರ ಬಿಟ್ಟು ನೋಡಿದರೂ ಏಳು ಉಳಿದಿತ್ತು. ಬಗ್ಗಿದ್ದು ವಾಪಸ್ ಬರಲಿಲ್ಲ. ಆ ತಗ್ಗಿನಲ್ಲಿ, ಹಲಗೆಯ ಮೈಮೇಲೆ ಅಚ್ಚಿನಿಂದಲೇ ಬಂದಿರುವ ಗೀರುಗಳಲ್ಲಿ ಮಳೆನೀರು ನಿಂತು ಹಾವಸೆ ಕಟ್ಟಿ, ಕಪ್ಪು ಗೆರೆ ಬೇರೆ ಬಿದ್ದಿತ್ತು.

ಇಲ್ಲಿಂದ ನಾನು ಕಲಿತದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹಲಗೆಯ ಬಿಗಿತ ಅದರ ದಪ್ಪದ ಘನದಷ್ಟು ಹೆಚ್ಚುತ್ತದೆ, ಅಂದರೆ ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. 22ರಿಂದ 25ಕ್ಕೆ ಹೋದರೆ ಒಂದೇ ಬಗೆಯ ಹಲಗೆಯಲ್ಲಿ ಬಿಗಿತ ಸುಮಾರು ಒಂದೂವರೆ ಪಟ್ಟು, 20ರಿಂದ 25ಕ್ಕೆ ಹೋದರೆ ಹತ್ತಿರಹತ್ತಿರ ಎರಡು ಪಟ್ಟು. ಮೂರು ಎಂಎಂ ಅಂತ ನಾನು ಹಗುರವಾಗಿ ತಳ್ಳಿಹಾಕಿದ್ದು ಸಣ್ಣದೇನಲ್ಲ. ಆದರೆ ಆಸರೆಗಳ ನಡುವಿನ ದೂರಕ್ಕೂ ಅದೇ ಲೆಕ್ಕವಿದೆ. ನಡುವೆ ಒಬ್ಬರು ನಿಂತಾಗ ಹಲಗೆ ಬಗ್ಗುವುದು ದೂರದ ಘನದ ಪ್ರಕಾರ. ಆ ದೂರವನ್ನು ಅರ್ಧ ಮಾಡಿದರೆ ಬಗ್ಗುವುದು ಎಂಟರಲ್ಲಿ ಒಂದು ಪಾಲಾಗುತ್ತದೆ. ಐದು ಸಾವಿರ ಕೊಟ್ಟು ದಪ್ಪ ಹಲಗೆ ತಂದಿದ್ದರೆ ಸಿಗುತ್ತಿದ್ದದ್ದು ಒಂದೂವರೆ ಪಟ್ಟು. ಅದಕ್ಕಿಂತ ಕಡಿಮೆ ದುಡ್ಡಿಗೆ ಐದು ಪೈಪು ಹೆಚ್ಚು ಹಾಕಿಸಿದ್ದರೆ ಎಂಟು ಪಟ್ಟು ಸಿಗುತ್ತಿತ್ತು.

2020ರ ಡಿಸೆಂಬರಿನಲ್ಲಿ ಮಾಡಿಸಿದ್ದು ಅದನ್ನೇ. ಹಲಗೆಗಳನ್ನೆಲ್ಲ ಬಿಚ್ಚಿಸಿ, ಇದ್ದ ಆರು ಪೈಪುಗಳ ನಡುವೆ ಇನ್ನೈದು ಹಾಕಿಸಿದೆ. ಅಂತರ 290 ಎಂಎಂಗೆ ಇಳಿಯಿತು. ಹಲಗೆ ಎರಡೂ ಮುಖಕ್ಕೆ ಬಳಸುವಂಥದ್ದಾದ್ದರಿಂದ ಬಗ್ಗಿದವನ್ನು ಮಗುಚಿ ಹಾಕಿದರು, ಕ್ಲಿಪ್ಪು ಬಿಗಿದಾಗ ಹೆಚ್ಚಿನವು ಸಮವಾಗಿ ಕೂತವು. ಡ್ರಮ್ಮಿನ ಅಡಿಯ ಎರಡು ಮಾತ್ರ ಕೂರಲಿಲ್ಲ. ಮೊದಲೇ ಎರಡು ಹಲಗೆ ಹೆಚ್ಚು ತರಿಸಿ ಇಟ್ಟಿದ್ದು ಆಗ ಕೈಹಿಡಿಯಿತು. ಬಿಚ್ಚಿ ಹಾಕುವ ಕೂಲಿ ಸೇರಿ 8,500 ರೂಪಾಯಿ. ಇದಾಗಿ ಐದು ಬೇಸಗೆ ಕಳೆದಿವೆ. ಅದೇ 22 ಎಂಎಂ ಹಾಲೋ ಹಲಗೆ, ಕಾಲಿಗೆ ಈಗ ಸಿಮೆಂಟ್ ನೆಲದಷ್ಟು ಗಟ್ಟಿ. ಮೊದಲು ಹಾಕಿದ ಅಂಗಡಿಯವರಿಗೆ ಫೋನ್ ಮಾಡಿದ್ದೆ. ಗ್ಯಾರಂಟಿ ಹಲಗೆಗೆ, ಫಿಟ್ಟಿಂಗಿಗೆ ಅಲ್ಲ ಅಂದರು. ಬಿಲ್ಲಿನಲ್ಲೂ ಹಾಗೇ ಇತ್ತು. ಪೈಪಿನ ಅಂತರವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುವುದು ಇದಕ್ಕೇ.

ಹಲಗೆ ಬಗ್ಗಿದ್ದಕ್ಕೆ ಬಿಸಿಲಿನ ಪಾಲೂ ಇದೆ. ಪ್ಲಾಸ್ಟಿಕ್ ಇರುವ ವಸ್ತು ಕಾದಷ್ಟೂ ಮೆತ್ತಗಾಗುತ್ತದೆ, ಮೆತ್ತಗಿರುವಾಗ ಮೇಲೆ ಭಾರ ಕೂತೇ ಇದ್ದರೆ ಆ ಬಾಗು ಹಾಗೇ ಉಳಿದುಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಗಾಢ ಕಂದು ಹಲಗೆಯ ಮೈ ಅಳೆದಾಗ 61 ಡಿಗ್ರಿ ತೋರಿಸಿತು, ಬರಿಗಾಲಿಡಲು ಆಗುವುದಿಲ್ಲ. ನೆರಳಿನಲ್ಲಿದ್ದ ಕಡೆ ಅದೇ ಅಂತರಕ್ಕೆ ಹಲಗೆ ಒಂದು ಎಂಎಂ ಕೂಡ ತಗ್ಗಿರಲಿಲ್ಲ. ಹಾಗಾಗಿ ನೀವು ಪೂರ್ತಿ ಬಿಸಿಲಿಗೆ ಹಾಕಿಸುವವರಾದರೆ ಕಂಪನಿಯವರು ಹೇಳಿದ ಅಂತರಕ್ಕಿಂತ ಒಂದೆರಡು ಇಂಚು ಹತ್ತಿರ ಮಾಡಿಸಿ, ತಿಳಿ ಬಣ್ಣ ಆರಿಸಿ. ಉದ್ದಕ್ಕೂ ಹಿಗ್ಗುತ್ತದೆ: 2.9 ಮೀಟರಿನ ಹಲಗೆ ಡಿಸೆಂಬರ್ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ನಾಲ್ಕೈದು ಎಂಎಂ ಉದ್ದವಾಗುತ್ತದೆ. ಗೋಡೆಗೆ ತಾಗಿಸಿ ಹೊಡೆದರೆ ನಡುವೆ ಉಬ್ಬುವುದು ಖಂಡಿತ.

ಇನ್ನು ಹಾಲೋ ಹಲಗೆಯ 22 ಎಂಎಂ ಎಂದರೆ ಏನು ಎಂಬುದು. ನನ್ನ ಹಳೆಯ ಹಲಗೆಯ ತುಂಡೊಂದನ್ನು ಅಡ್ಡಕ್ಕೆ ಕೊಯ್ದು ವರ್ನಿಯರ್‌ನಲ್ಲಿ ಅಳೆದಿದ್ದೇನೆ. 22 ಬರುವುದು ಗೀರಿನ ಏಣಿನಿಂದ ಏಣಿಗೆ ಹಿಡಿದರೆ. ಗೀರಿನ ತಳದಲ್ಲಿ ಹಿಡಿದರೆ 20ಕ್ಕೂ ಒಂದು ಕೂದಲು ಕಡಿಮೆ. ಒಳಗಿನ ಗೂಡುಗಳ ಮೇಲಿನ ಗೋಡೆ, ಅಂದರೆ ನಿಜವಾಗಿ ನಮ್ಮ ಹೆಜ್ಜೆ ಹೊರುವ ಭಾಗ, ಗೀರಿನ ತಳದಲ್ಲಿ ನಾಲ್ಕು ಎಂಎಂಗಿಂತ ಕಡಿಮೆ. ಕಬ್ಬಿಣದ ಕುರ್ಚಿಯ ಚೂಪು ಕಾಲು ಒಂದು ಕಡೆ ಅದನ್ನು ಒಳಕ್ಕೇ ಚುಚ್ಚಿದೆ. ಹೊರಗಿನ ದಪ್ಪ ಒಂದೇ ಇದ್ದು ಒಳಗೋಡೆ ಸಣಕಲಾಗಿರುವ ಹಲಗೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಎತ್ತಿ ನೋಡಿದರೆ ಗೊತ್ತಾಗುತ್ತದೆ. ಎರಡು ಅಂಗಡಿಯ ಒಂದಡಿ ಸ್ಯಾಂಪಲ್ ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಳತೆ ಒಂದೇ ಆಗಿದ್ದರೆ ಭಾರದ್ದನ್ನು ತಗೊಳ್ಳಿ. ಕೊಯ್ದ ತುದಿಗಳಿಗೆ ಮುಚ್ಚಳ ಹಾಕಿಸುವುದನ್ನು ಮರೆಯಬೇಡಿ. ನಮ್ಮಲ್ಲಿ ಎರಡು ತುದಿಯ ಮುಚ್ಚಳ ಬಿದ್ದುಹೋಗಿ ಕುಂಬಾರ ಹುಳ ಒಳಗೆಲ್ಲ ಮಣ್ಣಿನ ಗೂಡು ಕಟ್ಟಿತ್ತು.

ಇದೆಲ್ಲ ಗೊತ್ತಾದ ಮೇಲೆ ಎರಡನೇ ಡೆಕ್ ಮಾಡಿಸಿದ್ದು 2021ರಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯಲ್ಲಿ. ಅಲ್ಲಿ ಲೆಕ್ಕವೇ ಬೇರೆ. ಬೆಂಗಳೂರಿನಲ್ಲಿ ಹಲಗೆ ಮುರಿದರೂ ಕೆಳಗೆ ಎರಡಿಂಚಿಗೆ ತಾರಸಿ ಇದೆ. ಊರಿನಲ್ಲಿ ಅಂಗಳದ ಅಂಚಿನಿಂದ ಇಳಿಜಾರಿನ ಮೇಲೆ ಚಾಚಿದ ಕಟ್ಟೆ, ಕೆಳಗೆ ನಾಲ್ಕಡಿ ಖಾಲಿ. ಸುಗ್ಗಿಯಲ್ಲಿ ಒಣಗಿದ ಅಡಿಕೆಯ ಮೂಟೆಗಳನ್ನು ಅಲ್ಲೇ ಪೇರಿಸುತ್ತಾರೆ, ಒಂದೊಂದೂ ಅರವತ್ತೈದು ಎಪ್ಪತ್ತು ಕೇಜಿ. ಆದ್ದರಿಂದ 25 ಎಂಎಂ ಸಾಲಿಡ್ ಹಲಗೆ, ನಾಲ್ಕೂ ಮೈಗೆ ಪ್ಲಾಸ್ಟಿಕ್ ಪದರ ಹೊದಿಸಿದ್ದು, 400 ಎಂಎಂಗೊಂದು ಅಡಿತೊಲೆ. ಅಮೆರಿಕದಲ್ಲಿರುವ ಅಣ್ಣನ ಮನೆಯ ಡೆಕ್ಕಿನಲ್ಲೂ ಇದೇ ಲೆಕ್ಕ: ಒಂದಿಂಚು ದಪ್ಪದ ಹಲಗೆ, ನೇರ ಹಾಸಿದರೆ 16 ಇಂಚಿಗೊಂದು ತೊಲೆ, ಓರೆಯಾಗಿ ಹಾಸಿದರೆ 12 ಇಂಚಿಗೊಂದು. ಓರೆ ಹಾಸುವಾಗ ಯಾಕೆ ಹತ್ತಿರ ಎಂದು ಅವನೇ ಹೇಳಿಕೊಟ್ಟದ್ದು. ತೊಲೆಗಳು ಇದ್ದಲ್ಲೇ ಇದ್ದರೂ ಹಲಗೆ ಓರೆಯಾಗಿ ದಾಟುವುದರಿಂದ ಅದರ ಪಾಲಿಗೆ 400 ಎಂಎಂ 565 ಆಗುತ್ತದೆ. ನಮ್ಮ ಕಟ್ಟೆಯ ಮೂಲೆಯಲ್ಲಿ ಓರೆ ಹಾಸಿದ ಕಡೆ ನಡುವೆ ಒಂದೊಂದು ತೊಲೆ ಹೆಚ್ಚು ಹಾಕಿಸಿದೆವು.

ಚದರಡಿಗೆ 390 ರೂಪಾಯಿ ಆಯಿತು, ಸಾಗಣೆ ಬೇರೆ. ಹೊತ್ತವರು ಬೈದುಕೊಂಡರು, ಒಂದು ಹಲಗೆ ಹದಿಮೂರು ಕೇಜಿ ತೂಗುತ್ತದೆ. ಮೊದಲ ದಿನ ಅಜ್ಜಿ ಕೋಲೂರಿಕೊಂಡು ಬಂದು ನಡುವೆ ನಿಂತು, ಎರಡು ಸಲ ಕಾಲಿನಿಂದ ಒತ್ತಿ ನೋಡಿ, "ನಮ್ಮ ಹಳೇ ಅಟ್ಟದ ಹಲಗೆ ಹಾಂಗೇ ಅದೆ ಮಗಾ" ಅಂದರು. ಹಲಸಿನ ಹಲಗೆಯ ಅಟ್ಟದಲ್ಲಿ ಬೆಳೆದವರು ಅವರು. ನಾಲ್ಕು ಮಳೆಗಾಲ ಕಳೆದಿದೆ. ದಾರ ಕಟ್ಟಿ ನೋಡಿದರೆ ಮೂಟೆ ಪೇರಿಸುವ ಜಾಗದಲ್ಲಿ ಮಾತ್ರ ಒಂದು ಎಂಎಂ ತಗ್ಗಿದೆ. ಹಾವಸೆ ಇಲ್ಲೂ ಬರುತ್ತದೆ, ಮಲೆನಾಡಿನ ಮಳೆಗೆ ಅದನ್ನು ತಡೆಯುವ ಹಲಗೆ ಇಲ್ಲ. ಆಷಾಢದಲ್ಲಿ ಹದಿನೈದು ದಿನಕ್ಕೊಮ್ಮೆ ತೆಂಗಿನ ಕಡ್ಡಿ ಪೊರಕೆಯಲ್ಲಿ ನೀರು ಹಾಕಿ ಉಜ್ಜಲೇಬೇಕು, ಇಲ್ಲದಿದ್ದರೆ ಜಾರುತ್ತದೆ. ಆದರೆ ಪದರ ಹೊದಿಸಿದ್ದಕ್ಕೆ ಕಲೆ ಒಳಗೆ ಇಳಿಯುವುದಿಲ್ಲ. ಅಡಿಕೆಯ ಚೊಗರು ಬಿದ್ದದ್ದು ಕೂಡ ತೊಳೆದರೆ ಹೋಗುತ್ತದೆ. ನನ್ನ ಬೆಂಗಳೂರಿನ ಹಲಗೆಗೆ ಚಹಾ ಬಿದ್ದ ಗುರುತೂ ಇವತ್ತಿಗೂ ಇದೆ.

ತಂಗಿಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮಾತ್ರ ದಪ್ಪ ಹಲಗೆ ಹಾಕಲು ಜಾಗವೇ ಇರಲಿಲ್ಲ. ಜಾರುಬಾಗಿಲಿನ ಹೊಸ್ತಿಲು ನೆಲದಿಂದ ಎರಡೇ ಇಂಚು. ಡೆಕ್ಕು ಅದಕ್ಕಿಂತ ಮೇಲೆ ಹೋದರೆ ಜೋರು ಮಳೆಯ ನೀರು ಹಾಲ್‌ಗೆ ಬರುತ್ತದೆ. ಮೂರು ಎಂಎಂ ಪ್ಯಾಡು, 25 ಎಂಎಂ ಪಟ್ಟಿ, ಮೇಲೆ 20 ಎಂಎಂ ಸಾಲಿಡ್ ಹಲಗೆ, ಒಟ್ಟು 48. ಪಟ್ಟಿಗಳ ಅಂತರ 300. ಮೂರು ವರ್ಷವಾಯಿತು, ಒಂದು ದೂರೂ ಇಲ್ಲ. ನೀರು ಹೋಗುವ ತೂತಿನ ಮೇಲಿನ ಎರಡು ಹಲಗೆಯನ್ನು ಮಾತ್ರ ಎತ್ತಿ ತೆಗೆಯುವ ಹಾಗೆ ಬಿಡಿಸಿಕೊಂಡಿದ್ದಾಳೆ, ಅದು ಅವಳದೇ ಉಪಾಯ. ನಾನು ಮಾಡಿಸಿಲ್ಲ ಅಂತ ಪ್ರತಿ ಮಳೆಗಾಲ ಬೇಜಾರಾಗುತ್ತದೆ.

ಹಾಗಾಗಿ ಯಾರಾದರೂ ಕೇಳಿದರೆ ನಾನು ದಪ್ಪ ಹೇಳುವ ಮೊದಲು ಅವರನ್ನೇ ಕೇಳುತ್ತೇನೆ: ಹೊಸ್ತಿಲು ಎಷ್ಟು ಎತ್ತರ ಇದೆ? ಹಲಗೆಯ ಕೆಳಗೆ ಗಟ್ಟಿ ನೆಲವೋ, ಖಾಲಿಯೋ? ಬಿಸಿಲೋ, ನೆರಳೋ? ಮೇಲೆ ಏನು ಭಾರ ಕೂರುತ್ತದೆ? ಕೆಳಗೆ ಗಟ್ಟಿ ತಾರಸಿ ಇದ್ದು ಬರೀ ಓಡಾಟವಾದರೆ 22ರ ಒಳ್ಳೆ ಹಾಲೋ ಹಲಗೆ, 300ರ ಅಂತರ ಸಾಕು, ಉಳಿದ ದುಡ್ಡು ಪೈಪಿಗೆ ಹೋಗಲಿ. ಕೆಳಗೆ ಖಾಲಿ ಇದ್ದರೆ 25ರ ಸಾಲಿಡ್‌ಗಿಂತ ಕಡಿಮೆ ನಾನು ಒಪ್ಪುವುದಿಲ್ಲ. ಮೆಟ್ಟಿಲಿಗೂ ಅದೇ, ಹಾಲೋ ಬೇಡವೇ ಬೇಡ. ಹೆಜ್ಜೆ ಜೋರಾಗಿ ಬೀಳುವುದು ಮೆಟ್ಟಿಲಿನ ಅಂಚಿಗೆ.

ಕರಿಬೇವಿನ ಡ್ರಮ್ಮನ್ನು ಈಗ ಮೂರು ಪೈಪುಗಳ ಮೇಲೆ ಬರುವ ಹಾಗೆ ಕಲ್ಲಿನ ಚಪ್ಪಡಿ ಹಾಕಿ ಕೂರಿಸಿದ್ದೇವೆ. ಗಿಡ ನೆಟ್ಟಗಾಗಿದೆ. ಮೊನ್ನೆ ಯುಗಾದಿಗೆ ತಾರಸಿ ತೊಳೆದಾಗ ಮಗಳು ಹಳೇ ದಾರ ತಂದು ಮತ್ತೆ ಎಳೆದು ಹಿಡಿದಳು. ಸ್ಕೇಲ್ ನಿಲ್ಲಿಸಲು ದಾರದ ಅಡಿ ಜಾಗವೇ ಇರಲಿಲ್ಲ.