ಅರ್ಧಕ್ಕೆ ನಿಂತ ಬಯೋಸ್ ಅಪ್‌ಡೇಟ್ ಮತ್ತು ಸಿಎಚ್341ಎ ಪ್ರೋಗ್ರಾಮರ್

ಲ್ಯಾಪ್‌ಟಾಪ್‌ಗೆ ರ್‍ಯಾಮ್ ಹೆಚ್ಚಿಸುವ ಕೆಲಸ ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹೊಸ ಸ್ಟಿಕ್ ಹಳೆಯ ಬಯೋಸ್‌ಗೆ (ಯಂತ್ರವನ್ನು ಚಾಲೂ ಮಾಡುವ, ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿರುವ ತಂತ್ರಾಂಶಕ್ಕೆ) ಹೊಂದದೆ ಹೋದಾಗ ಮಾತ್ರ ಬಯೋಸ್ ಅಪ್‌ಡೇಟ್ ಮಾಡಬೇಕಾಗುತ್ತದೆ, ಅಪಾಯ ಇರುವುದೂ ಅಲ್ಲಿಯೇ. ನಮ್ಮ ಮನೆಯ ಲ್ಯಾಪ್‌ಟಾಪ್‌ಗೆ 8 ಜಿಬಿಯ ಇನ್ನೊಂದು ಡಿಡಿಆರ್4 ಸ್ಟಿಕ್ ಹಾಕಿದ ಮೇಲೆ ಅದು ಆಗಾಗ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ಹೊಸ ಬಯೋಸ್‌ನ ವಿವರದಲ್ಲಿ ಮೆಮೊರಿ ಹೊಂದಾಣಿಕೆ ಸುಧಾರಿಸಿದೆ ಎಂದು ಬರೆದಿತ್ತು. ಹೊಸ ಸ್ಟಿಕ್ ತೆಗೆದಿಟ್ಟು, ಚಾರ್ಜರ್ ಸಿಕ್ಕಿಸಿಕೊಂಡೇ ಅಪ್‌ಡೇಟ್ ನಡೆಸಿದರೂ ಅದು ಅರ್ಧಕ್ಕೆ ನಿಂತಿತು. ಆಮೇಲೆ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತೇ ಹೊರತು ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ. ತಯಾರಕರು ಹೇಳಿದ ಪೆನ್‌ಡ್ರೈವ್ ರಿಕವರಿಯೂ ಫಲಿಸಲಿಲ್ಲ. ಸರ್ವಿಸ್ ಸೆಂಟರ್‌ನವರು ಮದರ್‌ಬೋರ್ಡನ್ನೇ ಬದಲಿಸಬೇಕೆಂದರು. ಬೋರ್ಡ್ ಸುಟ್ಟಿರಲಿಲ್ಲ, ಕೆಟ್ಟಿದ್ದು ಒಂದು ಚಿಪ್‌ನೊಳಗಿನ ಬರಹ ಮಾತ್ರ. ಅದನ್ನು ಮತ್ತೆ ಬರೆಯುವ ಸಾಧನವೇ ಸಿಎಚ್341ಎ ಪ್ರೋಗ್ರಾಮರ್.

ಬೆರಳುದ್ದದ ಈ ಬೋರ್ಡನ್ನು ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಬೇಕು. ಸಿಎಚ್341ಎ ಎನ್ನುವುದು ಅದರ ಮೇಲಿರುವ ಮುಖ್ಯ ಚಿಪ್‌ನ ಹೆಸರು. ಬೋರ್ಡನ್ನು ಹಲವು ತಯಾರಕರು ತಮ್ಮ ತಮ್ಮ ರೀತಿಯಲ್ಲಿ ಮಾಡಿ ಮಾರುತ್ತಾರೆ. ಎಂಟು ಕಾಲಿನ ಚಿಪ್ ಹಿಡಿಯುವ ಕ್ಲಿಪ್ ಮತ್ತು 1.8 ವೋಲ್ಟ್‌ನ ಅಡಾಪ್ಟರ್ ಸೇರಿದ ಇಡೀ ಕಿಟ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮದರ್‌ಬೋರ್ಡ್‌ನ ಬೆಲೆಯ ಮುಂದೆ ಇದು ಏನೇನೂ ಅಲ್ಲ. ಆದರೆ ಅಗ್ಗದ ಬೋರ್ಡ್‌ಗಳಲ್ಲಿ ಒಂದು ಗಂಭೀರ ದೋಷವಿದೆ, ಮಾರುವವರು ಅದನ್ನು ಬಹುಪಾಲು ಹೇಳುವುದಿಲ್ಲ.

ಬಯೋಸ್ ಚಿಪ್‌ಗಳಲ್ಲಿ ಬಹಳಷ್ಟು 3.3 ವೋಲ್ಟ್‌ನವು. ಕಪ್ಪು ಬಣ್ಣದ ಹಳೆಯ ವಿನ್ಯಾಸದ ಬೋರ್ಡ್, ಚಿಪ್‌ಗೆ ವಿದ್ಯುತ್ತನ್ನೇನೋ 3.3 ವೋಲ್ಟ್‌ನಲ್ಲಿಯೇ ಕೊಡುತ್ತದೆ, ಆದರೆ ಡೇಟಾ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತದೆ. ಎಷ್ಟೋ ಚಿಪ್‌ಗಳು ಇದನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತವೆ ಎಂಬುದು ನಿಜವಾದರೂ, ಚಿಪ್ ಮದರ್‌ಬೋರ್ಡ್‌ನಲ್ಲಿ ಬೆಸುಗೆಯಾಗಿರುವಾಗ ಅದೇ ತಂತಿಗಳು ಇತರ ಭಾಗಗಳನ್ನು ನಿಯಂತ್ರಿಸುವ ಚಿಪ್‌ಸೆಟ್‌ಗೂ ಹೋಗಿ ಸೇರುತ್ತವೆ ಎಂಬುದನ್ನು ಮರೆಯಬಾರದು. ಆದ್ದರಿಂದ ಪ್ರೋಗ್ರಾಮರ್ ಕೈಸೇರಿದ ಕೂಡಲೇ ಮಲ್ಟಿಮೀಟರ್ ಹಿಡಿದು ಡೇಟಾ ಕಾಲುಗಳ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಆರಿಸಿಕೊಳ್ಳುವ ಸ್ವಿಚ್ ಇರುವ ಬೋರ್ಡ್‌ಗಳೂ ಈಗ ಸಿಗುತ್ತವೆ. ಸ್ವಲ್ಪ ಹೆಚ್ಚು ಹಣ ಹೋದರೂ ಅದನ್ನೇ ಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಚಿಪ್‌ನ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದುವುದು ಅಷ್ಟೇ ಮುಖ್ಯ. ವಿನ್‌ಬಾಂಡ್‌ನ 25ಕ್ಯೂ128ಎಫ್‌ವಿ 3.3 ವೋಲ್ಟ್‌ನದು, 25ಕ್ಯೂ128ಎಫ್‌ಡಬ್ಲ್ಯೂ 1.8 ವೋಲ್ಟ್‌ನದು. ಎರಡರ ಸಾಮರ್ಥ್ಯವೂ 16 ಎಂಬಿ, ನೋಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ, ಎರಡನೆಯದಕ್ಕೆ 1.8 ವೋಲ್ಟ್ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಚ್ಚಿದರೆ ಚಿಪ್ ಉಳಿಯುವುದು ಅನುಮಾನ.

ಬಳಸುವಾಗ ಬ್ಯಾಟರಿ, ಚಾರ್ಜರ್, ಸಿಮಾಸ್ ಸೆಲ್ (ಬಯೋಸ್ ಸೆಟ್ಟಿಂಗ್ ಉಳಿಸುವ ಪುಟ್ಟ ಸೆಲ್) ಮೂರನ್ನೂ ಬಿಡಿಸಬೇಕು. ಕ್ಲಿಪ್‌ನ ಕೆಂಪು ತಂತಿ ಚಿಪ್‌ನ ಮೂಲೆಯ ಚುಕ್ಕೆಯ ಕಡೆಗೆ ಬರಬೇಕು, ಕ್ಲಿಪ್‌ನ ಇನ್ನೊಂದು ತುದಿ ಪ್ರೋಗ್ರಾಮರ್‌ನಲ್ಲಿ 25 ಎಂದು ಗುರುತಿರುವ ಭಾಗದಲ್ಲಿ ಕೂರಬೇಕು. ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರೋಮ್ ತಂತ್ರಾಂಶ ಈ ಸಾಧನವನ್ನು ಯಾವ ತಕರಾರೂ ಇಲ್ಲದೆ ಗುರುತಿಸುತ್ತದೆ. ಏನನ್ನಾದರೂ ಬರೆಯುವ ಮೊದಲು ಚಿಪ್‌ನಲ್ಲಿರುವುದನ್ನು ಎರಡು ಸಲ ಓದಿ, ಎರಡೂ ಫೈಲ್‌ಗಳ ಚೆಕ್‌ಸಮ್ (ಫೈಲ್‌ನ ಒಳಗಿನದರಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಹೋಲಿಸಿ ನೋಡಬೇಕು. ಅವು ಬೇರೆ ಬೇರೆಯಾದರೆ, ಅಥವಾ ಫೈಲ್ ತುಂಬ ಬರೀ ಎಫ್‌ಎಫ್ (ಖಾಲಿ ಜಾಗದ ಸಂಕೇತ) ಇದ್ದರೆ, ಬಹುತೇಕ ಕ್ಲಿಪ್ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಕೆಟ್ಟ ಬಯೋಸ್‌ನ ಪ್ರತಿ ಏಕೆ ಬೇಕು ಎಂದು ಕೇಳಬಹುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ನಂಬರ್, ವಿಂಡೋಸ್‌ನ ಕೀ ಮತ್ತು ಇಂಟೆಲ್ ಯಂತ್ರಗಳಾದರೆ ಚಿಪ್‌ಸೆಟ್‌ನೊಳಗಿನ ನಿಯಂತ್ರಕವಾದ ಮ್ಯಾನೇಜ್‌ಮೆಂಟ್ ಎಂಜಿನ್‌ನ ಭಾಗ ಕೂಡ ಅದೇ ಚಿಪ್‌ನಲ್ಲಿರುತ್ತವೆ. ತಯಾರಕರ ಜಾಲತಾಣದ ಅಪ್‌ಡೇಟ್ ಫೈಲ್ ಬಹುತೇಕ ಇಡೀ ಚಿಪ್‌ನ ಪೂರ್ಣ ಪ್ರತಿಯಲ್ಲ, ಅದನ್ನು ಇದ್ದ ಹಾಗೆಯೇ ಬರೆದರೆ ಇವೆಲ್ಲ ಅಳಿಸಿಹೋಗುತ್ತವೆ. ಅದರಿಂದ ಬಯೋಸ್ ಭಾಗವನ್ನಷ್ಟೇ ಬೇರ್ಪಡಿಸಿ, ಓದಿಟ್ಟುಕೊಂಡ ಪ್ರತಿಯಲ್ಲಿ ಅದರ ಜಾಗದಲ್ಲಿ ಕೂರಿಸಿ, ಸೀರಿಯಲ್ ಮೊದಲಾದ ವಿವರಗಳು ಬಯೋಸ್ ಭಾಗದೊಳಗೇ ಇದ್ದರೆ ಅವನ್ನೂ ಹಳೆಯ ಪ್ರತಿಯಿಂದ ತಂದಿಟ್ಟು ಬರೆಯಬೇಕು. ಬಯೋಸ್ ಫೈಲನ್ನು ಬಿಡಿಸಿ ನೋಡುವ ಯುಇಎಫ್‌ಐಟೂಲ್ ತಂತ್ರಾಂಶ ಈ ಕೆಲಸಕ್ಕೆ ಒದಗಿಬರುತ್ತದೆ. ಮಾರ್ಗದರ್ಶಿ ಪುಸ್ತಿಕೆಯೇ ಇಲ್ಲದ ಈ ಕಿಟ್‌ನಲ್ಲಿ ಹೊಸಬರು ಎಡವುವುದು ಇಲ್ಲಿಯೇ.

ಕ್ಲಿಪ್ ಈ ಕಿಟ್‌ನ ಅತ್ಯಂತ ದುರ್ಬಲ ಅಂಗ. ಅದರ ಹಲ್ಲುಗಳು ಸಣ್ಣವು, ಸ್ಪ್ರಿಂಗ್ ಸಡಿಲ; ಕೈ ತುಸು ಅಲುಗಿದರೂ ಸಂಪರ್ಕ ತಪ್ಪುತ್ತದೆ. ಚಿಪ್‌ನ ಕಾಲುಗಳ ಮೇಲೆ ಬೆಸುಗೆಯಿಂದ ಉಳಿದ ಫ್ಲಕ್ಸ್ ಕಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ ಮೇಲೆಯೇ ನನಗೆ ಸ್ಥಿರವಾದ ಓದು ಸಿಕ್ಕಿತು. ಬರೆಯುವ ವೇಗವೂ ಕಡಿಮೆ, 16 ಎಂಬಿ ಬರೆದು ಪರಿಶೀಲಿಸಲು ಹಲವು ನಿಮಿಷ ಬೇಕು. ಅಷ್ಟು ಹೊತ್ತು ಮೇಜನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಲ್ಯಾಪ್‌ಟಾಪ್ ಮತ್ತೆ ಎದ್ದಿತು. ಮೊದಲ ಬೂಟ್‌ನಲ್ಲಿ ಪರದೆ ಒಂದಷ್ಟು ಹೊತ್ತು ಕಪ್ಪಾಗಿಯೇ ಇರುತ್ತದೆ; ಹಳೆಯ ಸೆಟ್ಟಿಂಗ್ ಅಳಿದಿರುವುದರಿಂದ ಬಯೋಸ್ ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ, ಆಗ ಗಾಬರಿಯಿಂದ ಪವರ್ ಆರಿಸಬಾರದು. ಹೊಸ ಸ್ಟಿಕ್ ಮತ್ತೆ ಹಾಕಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಇಡೀ ರಾತ್ರಿ ಓಡಿಸಿದೆ, ಒಂದು ದೋಷವೂ ಕಾಣಲಿಲ್ಲ. 16 ಜಿಬಿಯಲ್ಲಿ ಯಂತ್ರ ಈಗ ನೆಮ್ಮದಿಯಾಗಿ ನಡೆಯುತ್ತಿದೆ.

ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ (ಪೆನ್‌ಡ್ರೈವ್‌ನಿಂದ ನೇರವಾಗಿ ಬಯೋಸ್ ಬರೆಯುವ ಬಟನ್) ಇರುವವರಿಗೆ ಈ ಸಾಧನ ಬೇಕಿಲ್ಲ, ವಾರಂಟಿ ಉಳಿದಿರುವವರು ಯಂತ್ರ ಬಿಚ್ಚದೆ ತಯಾರಕರ ಬಳಿಗೇ ಹೋಗುವುದು ಲೇಸು. ಊರೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರಿಗೆ ಮಾತ್ರ ನಾನು ಇದನ್ನು ಒತ್ತಾಯಿಸಿ ಹೇಳುತ್ತೇನೆ: ವೋಲ್ಟೇಜ್ ಸ್ವಿಚ್ ಇರುವ ಒಂದು ಬೋರ್ಡನ್ನೂ ಕಿಟ್‌ನೊಂದಿಗೆ ಬರುವುದಕ್ಕಿಂತ ಗಟ್ಟಿಯಾದ ಒಂದು ಕ್ಲಿಪ್ಪನ್ನೂ ತಂದಿಟ್ಟುಕೊಳ್ಳಿ, ಬಯೋಸ್ ಕೆಟ್ಟ ಲ್ಯಾಪ್‌ಟಾಪ್ ಬಂದಾಗ ಬೋರ್ಡ್ ಬದಲಿಸುವ ಮಾತಿಗೆ ಮೊದಲು ಆ ಚಿಪ್ಪನ್ನೊಮ್ಮೆ ಓದಿ ನೋಡಿ.