ಅಂಗನವಾಡಿಯೋ, ಖಾಸಗಿ ಡೇಕೇರೋ?

ಗೋಡೆಯ ಬಣ್ಣ, ಆಟಿಕೆ ಆಮೇಲೆ ನೋಡಿ. ಮೊದಲು ಮಗುವನ್ನು ನೋಡಿಕೊಳ್ಳುವವರ ಓದು, ತರಬೇತಿ ವಿಚಾರಿಸಿ.

ಕರ್ನಾಟಕದಲ್ಲಿ ಈಗ ಹೊಸದಾಗಿ ಅಂಗನವಾಡಿ ಕಾರ್ಯಕರ್ತೆಯಾಗಲು ಪಿಯುಸಿ, ಸಹಾಯಕಿಯಾಗಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಹಳಬರ ಓದು ಕಡಿಮೆ ಇರಬಹುದು, ಅನುಭವ ಜಾಸ್ತಿ. ತರಬೇತಿ ಸರ್ಕಾರದ್ದೇ. 2023ರಲ್ಲಿ ಶುರುವಾದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮದಲ್ಲಿ ಆಟದ ಮೂಲಕ ಕಲಿಸುವುದನ್ನು ಹೇಳಿಕೊಡುತ್ತಾರೆ. ಆದರೆ ಪಾಠದ ಜೊತೆ ಗರ್ಭಿಣಿಯರ ಲೆಕ್ಕ, ಮಕ್ಕಳ ತೂಕ, ಮೊಬೈಲ್‌ನಲ್ಲಿ ದಾಖಲೆ, ಎಲ್ಲವೂ ಒಬ್ಬಳೇ ಕಾರ್ಯಕರ್ತೆಯ ತಲೆ ಮೇಲೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಖಾಸಗಿಯಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಟೀಚರ್ ಹತ್ತಿರ ಮಾಂಟೆಸರಿ ಅಥವಾ ಎನ್‌ಟಿಟಿ (ನರ್ಸರಿ ಟೀಚರ್ ತರಬೇತಿ) ಡಿಪ್ಲೊಮಾ ಇರಬಹುದು, ಸರಿ. ಆದರೆ ಊಟ ಮಾಡಿಸಿ, ಬಟ್ಟೆ ಬದಲಿಸಿ, ಮಲಗಿಸೋದು ಆಯಾ ಅಲ್ವಾ? ಅವರಿಗೆ ಯಾವ ತರಬೇತಿ ಆಗಿದೆ? ಉಸಿರುಗಟ್ಟಿದರೆ ಏನು ಮಾಡಬೇಕು ಅಂತ ಗೊತ್ತಾ? ಸಂಕೋಚಪಡದೆ ಕೇಳಿ. ಪ್ರಮಾಣಪತ್ರವನ್ನೂ ನೋಡಿ. 3 ವರ್ಷದೊಳಗಿನ 10 ಮಕ್ಕಳಿಗೆ ತರಬೇತಿಯಾದ ಒಬ್ಬರಾದರೂ ಇರಬೇಕು.

ಮಗುವಿಗೆ 3 ತುಂಬಿದ್ದು, ಮಧ್ಯಾಹ್ನದ ಮೇಲೆ ಮನೆಯಲ್ಲಿ ಯಾರಾದರೂ ಇದ್ದರೆ ನಾನು ಅಂಗನವಾಡಿಯನ್ನೇ ಆರಿಸುತ್ತೇನೆ. ಇನ್ನೂ ಚಿಕ್ಕದು, ಇಬ್ಬರೂ ಸಂಜೆಯವರೆಗೆ ಕೆಲಸಕ್ಕೆ ಹೋಗುತ್ತೀರಿ ಅಂದರೆ, ಆಯಾ ಬಗ್ಗೆ ನೇರವಾಗಿ ಉತ್ತರ ಕೊಡುವ ಡೇಕೇರ್ ಹುಡುಕಿ.